ಡೋಜರ್ ನಿಂತಿತೆಂದು ಗೇರ್‌ಬಾಕ್ಸ್ ಬಿಚ್ಚಬೇಡಿ

ಕೇಳುಗರಿಗೆ ನಮಸ್ಕಾರ.

ಮಳೆ ಬಿಟ್ಟು ಮಣಿಪಾಲದ ಸುತ್ತ ಗುಡ್ಡ ಸಮ ಮಾಡುವ ಕೆಲಸ ಶುರುವಾದರೆ ನನ್ನ ಫೋನಿಗೆ ಬಿಡುವಿಲ್ಲ. “ಡೋಜರ್ ಮುಂದೆ ಹೋಗುದಿಲ್ಲ ಮಾರಾಯ್ರೇ, ಗೇರ್‌ಬಾಕ್ಸ್ ಹೋಯ್ತು ಕಾಣ್ತದೆ.” ನಾನು ಮೊದಲು ಕೇಳುವುದು ಒಂದೇ. ಚಕ್ರದ ಬದಲಿರುವ ಎರಡೂ ಚೈನ್ ನಿಂತಿದೆಯೋ, ಒಂದೇ ಕಡೆಯದ್ದೋ?

ಇಂಜಿನ್ನಿನ ಬಲ ಎಣ್ಣೆಯ ಮೂಲಕ ದಾಟಿಸುವ ಟಾರ್ಕ್ ಕನ್ವರ್ಟರ್, ಗೇರ್‌ಬಾಕ್ಸ್ ದಾಟಿ ತಿರುಗುವುದನ್ನು ಅಡ್ಡಕ್ಕೆ ಹೊರಳಿಸುವ ಬೆವೆಲ್ ಗೇರಿನವರೆಗೆ ಒಂದೇ ದಾರಿಯಲ್ಲಿ ಬರುತ್ತದೆ. ಅಲ್ಲಿಂದ ಎಡಕ್ಕೊಂದು, ಬಲಕ್ಕೊಂದು ಕವಲು. ಪ್ರತಿ ಬದಿಗೂ ಮೆಷಿನ್ ತಿರುಗಿಸಲು ಆ ಬದಿಯ ಬಲ ಕಡಿಯುವ ಬೇರೆ ಸ್ಟೀರಿಂಗ್ ಕ್ಲಚ್, ಚೈನ್ ತಿರುಗಿಸುವ ಕೊನೆಯ ಗೇರುಗಳ ಬೇರೆ ಫೈನಲ್ ಡ್ರೈವ್. ಮೆಷಿನ್ ಬಲಕ್ಕೇ ವಾಲುತ್ತಾ ಹೋದರೆ ಬಲಗಡೆಯ ಚೈನಿಗೆ ಬಲ ಮುಟ್ಟುತ್ತಿಲ್ಲ, ಅಷ್ಟೇ. ಗೇರ್‌ಬಾಕ್ಸ್ ಮುಟ್ಟುವುದೇ ಬೇಡ. (ಎಣ್ಣೆಯ ಒತ್ತಡದಿಂದಲೇ ಚೈನ್ ತಿರುಗಿಸುವ ಹೊಸ ಹೈಡ್ರೋಸ್ಟ್ಯಾಟಿಕ್ ಡೋಜರ್‌ಗಳಲ್ಲಿ ಈ ಗೇರ್‌ಬಾಕ್ಸೇ ಇಲ್ಲ, ಅವುಗಳ ಸುದ್ದಿ ಬೇರೆ.)

ಎರಡೂ ನಿಂತಿದ್ದರೆ ಗೇರ್‌ಬಾಕ್ಸಿನ ಎಣ್ಣೆ ನೋಡಿ. ಹಾಲು ಹಾಕಿದ ಚಾದ ಬಣ್ಣ ಬಂದಿದ್ದರೆ ನೀರು ಸೇರಿದೆ. ನಮ್ಮ ಮಳೆಯಲ್ಲಿ ಇದು ಮಾಮೂಲು, ಆದರೆ ನೀರಿನಿಂದ ಎಣ್ಣೆ ತಣಿಸುವ ಆಯಿಲ್ ಕೂಲರ್ ಒಳಗೇ ಸೋರಿದರೂ ಹೀಗಾಗುತ್ತದೆ. ಕಪ್ಪಾಗಿ, ಸುಟ್ಟ ವಾಸನೆ ಬಂದರೆ ಗೇರ್‌ಬಾಕ್ಸ್ ಒಳಗಿನ ಕ್ಲಚ್ ಪ್ಲೇಟ್ ಜಾರಿದೆ. ಎಣ್ಣೆ ಸೋಸುವ ಸ್ಟ್ರೇನರಿನಲ್ಲಿ ಹಿತ್ತಾಳೆ ಬಣ್ಣದ ಪುಡಿ ಸಿಕ್ಕರೆ ಅದೂ ಹೆಚ್ಚಾಗಿ ಪ್ಲೇಟಿನದ್ದೇ. ಮ್ಯಾಗ್ನೆಟ್ಟಿಗೆ ಕಬ್ಬಿಣದ ಚೂರು ಅಂಟಿದ್ದರೆ ಗೇರಿನ ಹಲ್ಲೋ ಬೇರಿಂಗೋ ಹೋಗಿದೆ.

ಇನ್ನೊಂದು ಪರೀಕ್ಷೆ ಇದೆ. ಸೀಟಿನ ಮುಂದಿನ ತಗಡು ತೆಗೆದರೆ ಕನ್ವರ್ಟರಿನಿಂದ ಗೇರ್‌ಬಾಕ್ಸಿಗೆ ಹೋಗುವ ಜಾಯಿಂಟ್ ಕಾಣುತ್ತದೆ. ಬ್ಲೇಡ್ ನೆಲಕ್ಕೂರಿ, ಬ್ರೇಕ್ ಹಾಕಿ ಗೇರ್ ಹಾಕಿಸಿ. ದೂರ ನಿಂತು ನೋಡಿ, ಕೈ ಹಾಕಬೇಡಿ. ಆ ಜಾಯಿಂಟ್ ನಿಂತು ಇಂಜಿನ್ ಭಾರಕ್ಕೆ ಗುಂಯ್ ಅಂದರೆ ಗೇರ್‌ಬಾಕ್ಸ್ ಸರಿಯಾಗಿ ಹಿಡಿಯುತ್ತಿದೆ. ಸುಮ್ನೆ ತಿರುಗುತ್ತಲೇ ಇದ್ದರೆ ಅಲ್ಲಿಂದ ಮುಂದೆ ಎಲ್ಲೋ ಜಾರುತ್ತಿದೆ. ಅರ್ಧ ನಿಮಿಷಕ್ಕಿಂತ ಜಾಸ್ತಿ ಹಾಗೆ ನಿಲ್ಲಿಸಬೇಡಿ, ಎಣ್ಣೆ ಕಾದು ಹೋಗುತ್ತದೆ.

ಕಾಯಿಲೆ ಬರುವ ಹೊತ್ತೂ ಸುಳಿವು ಕೊಡುತ್ತದೆ. ಬೆಳಿಗ್ಗೆ ಚೆನ್ನಾಗಿ ಹೋಗಿ, ಬಿಸಿಯಾದ ಮೇಲೆ ಸೊರಗಿದರೆ ಕ್ಲಚ್ ಒತ್ತುವ ಎಣ್ಣೆಯ ಪಂಪೋ ಸೀಲೋ ಸವೆದು ಒತ್ತಡ ಸೋರುತ್ತಿದೆ. ಬೆಳಿಗ್ಗೆ ಕದಲದೆ, ಪಂಪ್ ಕೊರಗಿ, ಆಮೇಲೆ ಜರ್ಕ್ ಹೊಡೆದು ಹೊರಟರೆ ದಪ್ಪ ಎಣ್ಣೆ ಸ್ಟ್ರೇನರ್ ದಾಟಲು ಒದ್ದಾಡುತ್ತಿದೆ, ಅಲ್ವಾ?

ಒಮ್ಮೆ ಹೀಗೇ ಆಯಿತು. ಮಾಲೀಕರು ಗೇರ್‌ಬಾಕ್ಸ್ ಇಳಿಸಲು ಕ್ರೇನ್ ಕರೆಸಿದ್ದರು. ಸ್ಟ್ರೇನರ್ ಎಳೆದರೆ ಒಳಗೆ ಕೈ ಒರೆಸುವ ಬನಿಯನ್ ವೇಸ್ಟ್ ಮುದ್ದೆ. ತೆಗೆದು ತೊಳೆದು ಹಾಕಿದೆ, ಡೋಜರ್ ಹೊರಟಿತು. “ಇದು ಅಲ್ಲಿಗೆ ಹೇಗೆ ಬಂತು?” ಎಂದರು ಮಾಲೀಕರು. ಹಿಂದಿನ ಸಲ ಎಣ್ಣೆ ಬದಲಿಸಿದವನು ನಾನೇ. ಆ ದಿನ ಮಜೂರಿ ಕೇಳಲಿಲ್ಲ.