42 ಬೆಟ್ಟ, 24 ಗಂಟೆ, ಜೊತೆಗೊಬ್ಬ ಸಾಕ್ಷಿ

ಕೇಳುಗರೆಲ್ಲರಿಗೂ ನಮಸ್ಕಾರ. ಇವತ್ತು ಇಂಗ್ಲೆಂಡಿನ ಬಾಬ್ ಗ್ರಹಾಂ ಕ್ಲಬ್ ಅನ್ನುವ ಒಂದು ಓಟಗಾರರ ಕ್ಲಬ್ಬಿನ ಕತೆ ಹೇಳುತ್ತೇನೆ. ದುಡ್ಡು ಕಟ್ಟಿ ಇದರ ಸದಸ್ಯರಾಗಲು ಆಗುವುದಿಲ್ಲ. 42 ಬೆಟ್ಟ ಹತ್ತಿಳಿದು, 24 ಗಂಟೆಯೊಳಗೆ ಹೊರಟ ಜಾಗಕ್ಕೇ ಬಂದು ಸೇರಬೇಕು.

ಇದರ ಬೇರು 1932ರ ಜೂನ್‌ನಲ್ಲಿದೆ. ಬೆಟ್ಟ, ಸರೋವರಗಳ ಸೀಮೆಯಾದ ಲೇಕ್ ಡಿಸ್ಟ್ರಿಕ್ಟ್‌ನ ಕೆಸಿಕ್ ಊರಲ್ಲಿ ಗೆಸ್ಟ್‌ಹೌಸ್ ನಡೆಸುತ್ತಿದ್ದ ಬಾಬ್ ಗ್ರಹಾಂ ಟೆನಿಸ್ ಬೂಟು, ಉದ್ದ ಚಡ್ಡಿ, ಪೈಜಾಮದ ಅಂಗಿ ಹಾಕಿಕೊಂಡು, ಬ್ರೆಡ್ಡು ಬೆಣ್ಣೆ, ಅರೆಬೆಂದ ಮೊಟ್ಟೆ, ಹಣ್ಣು, ಮಿಠಾಯಿ ತಿನ್ನುತ್ತಾ ಈ ಸುತ್ತನ್ನು 23 ಗಂಟೆ 39 ನಿಮಿಷದಲ್ಲಿ ಮುಗಿಸಿದರು. ದಾರಿ ನೂರು ಕಿಲೋಮೀಟರಿಗೂ ಜಾಸ್ತಿ. ಹತ್ತುವುದೇ ಸುಮಾರು 8,200 ಮೀಟರ್. ಸಮುದ್ರ ಮಟ್ಟದಿಂದ ನಮ್ಮ ಮುಳ್ಳಯ್ಯನಗಿರಿಯ ತುದಿಗೆ ನಾಲ್ಕು ಸಲ ಹತ್ತಿದರೂ ಅಷ್ಟಾಗುವುದಿಲ್ಲ! ಇನ್ನೊಬ್ಬರು ಇದನ್ನು ಮಾಡಲು 28 ವರ್ಷ ಬೇಕಾಯಿತು. 1960ರಲ್ಲಿ ಅಲನ್ ಹೀಟನ್ ಮಾಡಿ ತೋರಿಸಿದರು.

ಆಮೇಲೆ ಒಬ್ಬೊಬ್ಬರಾಗಿ ಕೈಹಾಕತೊಡಗಿದರು. ಲೆಕ್ಕ ಇಡುವವರು ಬೇಕಾದರು. 1971ರಲ್ಲಿ ಫ್ರೆಡ್ ರೋಜರ್ಸನ್ ಮುಂದೆ ನಿಂತು ಬಾಬ್ ಗ್ರಹಾಂ ಕ್ಲಬ್ ಕಟ್ಟಿದರು. ಇದು ಸ್ಪರ್ಧೆ ಅಲ್ಲ. ಎದೆಗೆ ನಂಬರ್ ಇಲ್ಲ, ಪದಕ ಇಲ್ಲ, ಯಾವತ್ತು ಓಡಬೇಕು ಅಂತ ನೀವೇ ತೀರ್ಮಾನ ಮಾಡಿಕೊಳ್ಳಬಹುದು. ಆದರೆ ಪ್ರತಿ ಬೆಟ್ಟದ ತುದಿಯಲ್ಲೂ ಜೊತೆಗೊಬ್ಬ ಸಾಕ್ಷಿ ಇರಲೇಬೇಕು. ತುದಿ ಮುಟ್ಟಿದ ಹೊತ್ತನ್ನು ಬರೆದಿಡಬೇಕು.

ನನಗಂತೂ ಈ ನಿಯಮವೇ ಕ್ಲಬ್ಬಿನ ಜೀವ ಅನ್ನಿಸುತ್ತದೆ. ಎಷ್ಟೇ ಗಟ್ಟಿಗರಾದರೂ ಒಬ್ಬರೇ ಓಡಿ ಇಲ್ಲಿ ಸೇರಲು ಆಗುವುದಿಲ್ಲ ಅಲ್ವಾ? ಮಧ್ಯರಾತ್ರಿ ಮಂಜಿನಲ್ಲಿ ದಾರಿ ಹುಡುಕುತ್ತಾ, ನಿಮ್ಮ ನೀರು ತಿಂಡಿ ಹೊತ್ತುಕೊಂಡು ಜೊತೆಗೆ ಓಡುವವರು ಬೇಕು. ಡನ್‌ಮೇಲ್ ರೇಸ್ ಅನ್ನುವ ಕಣಿವೆದಾರಿಯಂಥ ಕಡೆ, ರಸ್ತೆ ದಾಟುವಲ್ಲಿ, ಬಿಸಿಬಿಸಿ ಏನಾದರೂ ಹಿಡಿದು ಕಾಯುವವರು ಬೇಕು. ಗ್ರಹಾಂ ಜೊತೆಗೂ ಸ್ನೇಹಿತರು ಸರದಿಯಂತೆ ಓಡಿದ್ದರು. ಇದಕ್ಕೆ ಯಾರೂ ಕೂಲಿ ಕೇಳುವುದಿಲ್ಲ. ಮುಂದಿನ ಬೇಸಿಗೆಯಲ್ಲಿ ನೀವು ಇನ್ಯಾರದೋ ಚೀಲ ಹೊರುತ್ತೀರಿ, ಅಷ್ಟೇ.

ಅಲ್ಲಿನ ಕುರಿ ಸಾಕುವ ರೈತ ಜಾಸ್ ನೇಲರ್ 1975ರಲ್ಲಿ 24 ಗಂಟೆಯೊಳಗೆ 72 ಬೆಟ್ಟ ಓಡಿದರು. 1977ರಲ್ಲಿ ಜೀನ್ ಡಾಸ್ ಈ ಸುತ್ತು ಮುಗಿಸಿದ ಮೊದಲ ಮಹಿಳೆಯಾದರು. 1982ರಲ್ಲಿ ಬಿಲ್ಲಿ ಬ್ಲಾಂಡ್ ಬರೀ 13 ಗಂಟೆ 53 ನಿಮಿಷ ತೆಗೆದುಕೊಂಡರು. ಆ ದಾಖಲೆ 36 ವರ್ಷ ಅಲುಗಲಿಲ್ಲ. 2018ರಲ್ಲಿ ಅದನ್ನು ಮುರಿದವರು ಸ್ಪೇನಿನ ಕಿಲಿಯನ್ ಜಾರ್ನೆಟ್. ಜಗತ್ತೇ ಬಲ್ಲ ಓಟಗಾರ, ಆದರೂ ಸ್ಥಳೀಯ ಓಟಗಾರರನ್ನು ಜೊತೆಗಿಟ್ಟುಕೊಂಡೇ ಓಡಿದರು. ಕೊನೆಗೆ ಅವರ ಕೈ ಕುಲುಕಲು ಬಿಲ್ಲಿ ಬ್ಲಾಂಡ್ ಅವರೇ ಬಂದಿದ್ದರು.

ಕೇಳಿದ್ದಕ್ಕೆ ಧನ್ಯವಾದ. ನಮಸ್ಕಾರ.