ಬಾಡಿಗೆ ಮನೆಯ ಪತ್ತೇದಾರ: ಮಂಕ್ ಸರಣಿಯ ಹತ್ತೊಂಬತ್ತನೇ ಪುಸ್ತಕದ ಬಗ್ಗೆ

ಎಲ್ಲರಿಗೂ ನಮಸ್ಕಾರ.

ಹಿಂದಿನ ಸಲ ಇಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಬಗ್ಗೆ ಮಾತಾಡಿದ್ದೆವು. ಮಾತು ಮುಗಿದ ಮೇಲೆ ಒಬ್ಬರು ಎದ್ದು, "ಟಿವಿಯಲ್ಲಿ ಬಂದ ಸೀರಿಯಲ್ ಇಟ್ಟುಕೊಂಡು ಬರೆದ ಪತ್ತೇದಾರಿ ಪುಸ್ತಕಗಳನ್ನೂ ಇದೇ ಸಾಲಿಗೆ ಸೇರಿಸ್ತೀರಾ?" ಅಂತ ಕೇಳಿದರು. ಅರ್ಧ ಸಭೆ ನಕ್ಕಿತು. ಪ್ರಶ್ನೆ ಕೇಳಿದವರು ಇವತ್ತೂ ಬಂದಿದ್ದಾರೆ, ಎರಡನೇ ಸಾಲಿನಲ್ಲೇ ಕೂತಿದ್ದಾರೆ. ಸಾರ್, ನಿಮ್ಮ ಮೇಲೆ ಸಿಟ್ಟಿಲ್ಲ. ಆ ನಗುವಿನ ಮೇಲೆ ಸಿಟ್ಟಿದೆ. ಅದಕ್ಕೇ ಈ ಸಲ ನಾನೇ ಕೇಳಿಕೊಂಡು ಮೈಕು ಹಿಡಿದಿದ್ದೇನೆ.

ನಾನು ಆರಿಸಿಕೊಂಡಿರುವುದು 'ಮಿಸ್ಟರ್ ಮಂಕ್ ಅಂಡ್ ದಿ ನ್ಯೂ ಲೆಫ್ಟಿನೆಂಟ್'. ಹೈ ಕಾನ್ರಾಡ್ ಬರೆದದ್ದು, 2015ರಲ್ಲಿ ಬಂದದ್ದು. ಮಂಕ್ ಕಾದಂಬರಿಗಳಲ್ಲಿ ಇದು ಹತ್ತೊಂಬತ್ತನೆಯದು, ಕೊನೆಯದು. ನಿಮ್ಮಲ್ಲಿ ಬಹಳ ಜನ 'ಮಂಕ್' ಅನ್ನುವ ಆ ಅಮೆರಿಕನ್ ಧಾರಾವಾಹಿ ನೋಡಿದ್ದೀರಿ. ಆದ್ದರಿಂದ ಏಡ್ರಿಯನ್ ಮಂಕ್ ಯಾರು ಅಂತ ಮೊದಲಿಂದ ಹೇಳುವುದಿಲ್ಲ. ಸ್ಯಾನ್ ಫ್ರಾನ್ಸಿಸ್ಕೋ ಪೊಲೀಸರ ಮಾಜಿ ಪತ್ತೇದಾರ, ಹೆಂಡತಿ ಟ್ರೂಡಿ ಕಾರ್ ಬಾಂಬಿಗೆ ಸತ್ತ ಮೇಲೆ ಕುಸಿದುಹೋದವನು, ಕೊಳೆ, ಅಸ್ತವ್ಯಸ್ತ ಕಂಡರೆ ತಡೆಯಲಾಗದ ಗೀಳಿನ ಕಾಯಿಲೆಯವನು, ಕೈ ಕುಲುಕಿದರೆ ಕೈ ಒರೆಸಲು ಒದ್ದೆ ವೈಪ್ ಕೇಳುವವನು. ಇಷ್ಟು ಸಾಕು, ಅಲ್ವಾ? ಹೆಸರು ಕೇಳಿ ಮಂಕು ಅಂದುಕೊಳ್ಳಬೇಡಿ. ಅವನ ಕಣ್ಣು ತಪ್ಪಿಸಿ ಒಂದು ಗುಂಡಿ ಸಡಿಲವಾಗಿರುವುದಕ್ಕೂ ಆಗುವುದಿಲ್ಲ.

ಟಿವಿಯಲ್ಲಿ ಮಂಕ್ ಓಡಿದ್ದು 2002ರಿಂದ 2009ರವರೆಗೆ. ಎಂಟು ಸೀಸನ್, 125 ಕಂತು. ಮಂಕ್ ಪಾತ್ರ ಮಾಡಿದ ಟೋನಿ ಶಲೂಬ್‌ಗೆ ಮೂರು ಎಮ್ಮಿ ಪ್ರಶಸ್ತಿ ಬಂತು. ಕಾದಂಬರಿಗಳು ಶುರುವಾದದ್ದು 2006ರಲ್ಲಿ, ಅಂದರೆ ಧಾರಾವಾಹಿ ಇನ್ನೂ ಓಡುತ್ತಿದ್ದಾಗಲೇ. ಮೊದಲ ಹದಿನೈದು ಲೀ ಗೋಲ್ಡ್‌ಬರ್ಗ್ ಬರೆದರು. ಆಮೇಲಿನ ನಾಲ್ಕು ಹೈ ಕಾನ್ರಾಡ್. ಇಬ್ಬರೂ ಹೊರಗಿನವರಲ್ಲ. ಗೋಲ್ಡ್‌ಬರ್ಗ್ ತಮ್ಮ ಜೊತೆಗಾರ ವಿಲಿಯಂ ರಾಬ್ಕಿನ್ ಜೊತೆ ಸೇರಿ ಮಂಕ್‌ನ ಕೆಲವು ಕಂತು ಬರೆದಿದ್ದರು. ಕಾನ್ರಾಡ್ ಅಂತೂ ಎಂಟು ಸೀಸನ್ನೂ ಬರಹಗಾರರ ಕೋಣೆಯಲ್ಲೇ ಕೂತಿದ್ದವರು.

ಈಗ ನನ್ನ ಮಾತಿಗೆ ಬರುತ್ತೇನೆ. ಇಂಥ ಪುಸ್ತಕ ಬರೆಯುವವರು ಬಾಡಿಗೆ ಮನೆಯಲ್ಲಿರುವವರು. ಪಾತ್ರ ಅವರದ್ದಲ್ಲ. ಹಕ್ಕು ಸ್ಟುಡಿಯೋದ್ದು. ಗೋಡೆಗೆ ಮೊಳೆ ಹೊಡೆಯಬೇಕಾದರೂ ಮಾಲೀಕರನ್ನು ಕೇಳಬೇಕು. ನರಸಿಂಹಯ್ಯನವರು ಬೆಳಗ್ಗೆ ಎದ್ದು ಪುರುಷೋತ್ತಮನಿಗೆ ನಿವೃತ್ತಿ ಕೊಟ್ಟುಬಿಡುತ್ತೇನೆ ಅಂದುಕೊಂಡಿದ್ದರೆ ಯಾರು ತಡೆಯುತ್ತಿದ್ದರು? ಗೋಲ್ಡ್‌ಬರ್ಗ್‌ಗೆ ಆ ಸೌಲಭ್ಯ ಇರಲಿಲ್ಲ. ಟ್ರೂಡಿಯನ್ನು ಕೊಂದವನನ್ನು ಹಿಡಿಯುವ ಹಾಗಿಲ್ಲ. ಮಂಕ್‌ನ ಭಯ ವಾಸಿ ಮಾಡುವ ಹಾಗಿಲ್ಲ. ಪುಸ್ತಕ ಮುಗಿಯುವಾಗ ಕುರ್ಚಿ, ಮೇಜು, ದೀಪ ಎಲ್ಲಾ ಇದ್ದ ಜಾಗಕ್ಕೆ ವಾಪಸ್ ಬಂದಿರಬೇಕು. ಯಾಕೆಂದರೆ ಅತ್ತ ಟಿವಿಯಲ್ಲಿ ಮುಂದಿನ ಕಂತು ಬರುತ್ತಿದೆ.

ಇಷ್ಟು ಕಟ್ಟುಪಾಡಿನಲ್ಲಿ ಏನು ಬರೆಯುತ್ತಾರೆ ಅಂತೀರಾ? ಮೊದಲ ಪುಸ್ತಕದ ಕಥೆ ಹೇಳುತ್ತೇನೆ. ಇದು ನನಗೆ ತುಂಬಾ ಇಷ್ಟದ್ದು. ಸ್ವಲ್ಪ ಉದ್ದ ಆದರೆ ಸಹಿಸಿಕೊಳ್ಳಿ.

'ಮಿಸ್ಟರ್ ಮಂಕ್ ಗೋಸ್ ಟು ದಿ ಫೈರ್‌ಹೌಸ್'. ಮಂಕ್ ಇರುವ ಕಟ್ಟಡಕ್ಕೆ ಗೆದ್ದಲು ಹಿಡಿದಿದೆ. ಔಷಧಿ ಹೊಡೆಯಬೇಕು, ಎಲ್ಲರೂ ಹೊರಗೆ ಹೋಗಬೇಕು. ಮಂಕ್ ಎಲ್ಲಿಗೆ ಹೋದಾನು? ಹೋಟೆಲಿನ ಮಂಚದಲ್ಲಿ ಅವನು ಮಲಗುತ್ತಾನಾ? ಕೊನೆಗೆ ಸಹಾಯಕಿ ನ್ಯಾಟಲಿ ಟೀಗರ್ ಮನೆಗೇ ಬಂದು ಕೂರುತ್ತಾನೆ. ನ್ಯಾಟಲಿ ವಿಧವೆ. ಒಬ್ಬಳೇ ಮಗಳು ಜೂಲಿ. ಸಂಬಳ ಅಷ್ಟಕ್ಕಷ್ಟೇ. ಈಗ ಸಾಹೇಬರು ಮನೆಯಲ್ಲೇ ಬೇರೆ!

ಅದೇ ಹೊತ್ತಿಗೆ ಹತ್ತಿರದ ಅಗ್ನಿಶಾಮಕ ಠಾಣೆಯಲ್ಲಿ ಸ್ಪಾರ್ಕಿ ಅಂತ ಒಂದು ನಾಯಿ. ಜೂಲಿಗೆ ಅದರ ಮೇಲೆ ಪ್ರಾಣ. ಯಾರೋ ಅದನ್ನು ಕೊಂದುಬಿಡುತ್ತಾರೆ. ಹುಡುಗಿ ಅತ್ತು ಅತ್ತು ಮಂಕ್ ಹತ್ತಿರ ಬರುತ್ತಾಳೆ. ಸ್ಪಾರ್ಕಿಯನ್ನು ಕೊಂದದ್ದು ಯಾರು ಅಂತ ಕಂಡುಹಿಡಿ ಅನ್ನುತ್ತಾಳೆ. ಯೋಚನೆ ಮಾಡಿ. ಊರಿನ ಪೊಲೀಸರಿಗೆ ದಾರಿ ಕಾಣದ ಕೊಲೆಗಳನ್ನೆಲ್ಲ ಬಿಡಿಸಿದ ಮನುಷ್ಯ. ಅವನ ಮುಂದೆ ಒಂದು ಮಗು, ಒಂದು ನಾಯಿಯ ಕೇಸು. ನಗುತ್ತಾನಾ? ಇಲ್ಲ. "ಪಾಪ, ಹೊಸ ನಾಯಿಮರಿ ತರೋಣ ಬಿಡು" ಅನ್ನುತ್ತಾನಾ? ಅದೂ ಇಲ್ಲ. ಒಪ್ಪಿಕೊಳ್ಳುತ್ತಾನೆ. ಅನ್ಯಾಯ ಆಗಿದೆ, ಸರಿ ಮಾಡಬೇಕು, ಅಷ್ಟೇ. ಅವನಿಗೆ ಓರೆಯಾದ ಫೋಟೋ ಕಂಡರೂ ಸರಿ ಮಾಡಬೇಕು, ಸತ್ತ ನಾಯಿ ಕಂಡರೂ ಸರಿ ಮಾಡಬೇಕು. ಟಿವಿಯಲ್ಲಿ ಅವನ ಕಾಯಿಲೆ ನಮ್ಮನ್ನು ನಗಿಸುತ್ತದೆ. ಇಲ್ಲಿ ಅದೇ ಕಾಯಿಲೆ ಒಂದು ಮಗುವಿನ ಮುಂದೆ ಮರ್ಯಾದೆಯಾಗಿ ಕಾಣುತ್ತದೆ.

ನಾಯಿ ಸತ್ತ ರಾತ್ರಿಯೇ ಅಲ್ಲಿಂದ ಸ್ವಲ್ಪ ದೂರದಲ್ಲಿ ಒಂದು ಮನೆಗೆ ಬೆಂಕಿ ಬಿದ್ದು ಹೆಂಗಸೊಬ್ಬಳು ಸತ್ತಿರುತ್ತಾಳೆ. ಕೈಯಲ್ಲಿ ಸಿಗರೇಟು ಹಿಡಿದೇ ನಿದ್ದೆ ಹೋಗಿದ್ದಾಳೆ ಅಂತ ಎಲ್ಲರ ಲೆಕ್ಕ. ಮಂಕ್ ಲೆಕ್ಕ ಬೇರೆ. ಮುಂದಿನದ್ದು ಹೇಳಲ್ಲ. ಪತ್ತೇದಾರಿ ಪುಸ್ತಕದ ಮೇಲೆ ಮಾತಾಡುವಾಗ ಕೊಲೆಗಾರನ ಹೆಸರು ಹೇಳಿಬಿಡುವ ಭಾಷಣಕಾರರನ್ನು ಕಂಡರೆ ನನಗೆ ಆಗುವುದಿಲ್ಲ.

ಮಜಾ ಇರುವುದು ಆಮೇಲೆ. ಧಾರಾವಾಹಿಯವರಿಗೆ ಈ ಕಥೆ ಹಿಡಿಸಿತು. ಗೋಲ್ಡ್‌ಬರ್ಗ್ ಮತ್ತು ರಾಬ್ಕಿನ್ ಅದನ್ನೇ ಒಂದು ಕಂತಾಗಿ ಮಾಡಿದರು. ಐದನೇ ಸೀಸನ್ನಿನ 'ಮಿಸ್ಟರ್ ಮಂಕ್ ಕಾಂಟ್ ಸೀ ಎ ಥಿಂಗ್'. ಅಂದರೆ ಟಿವಿಯಿಂದ ಪುಸ್ತಕ, ಪುಸ್ತಕದಿಂದ ಮತ್ತೆ ಟಿವಿ. ಆದರೆ ಕಂತಿನಲ್ಲಿ ನಾಯಿ ಮಾಯ! ಠಾಣೆಯಲ್ಲಿ ಸಾಯುವುದು ಒಬ್ಬ ಅಗ್ನಿಶಾಮಕ ಸಿಬ್ಬಂದಿ. ಕೊಲೆಗಾರ ಕಣ್ಣಿಗೆ ಎರಚಿದ ರಾಸಾಯನಿಕದಿಂದ ಮಂಕ್ ಕುರುಡಾಗುತ್ತಾನೆ. ಒಳ್ಳೆಯ ಕಂತೇ, ನಟನೆಗೆ ಜಾಗ ಇದೆ. ಆದರೆ ಆ ಮಗು ಬಂದು ನಿಲ್ಲುವ ಗಳಿಗೆ ಹೋಯಿತು. ಅದು ಸಿಗುವುದು ಪುಸ್ತಕದಲ್ಲಿ ಮಾತ್ರ. ಟಿವಿಯ ಎಂಜಲು ಅಂತ ನಗುವವರಿಗೆ ನನ್ನ ಉತ್ತರ ಇದು.

ಮಂಕ್ ಪುಸ್ತಕಗಳನ್ನೆಲ್ಲ ಹೇಳುವವಳು ನ್ಯಾಟಲಿ. ಈ ಉಪಾಯ ವಾಟ್ಸನ್ ಕಾಲದ್ದು, ಹೊಸದಲ್ಲ. ಆದರೆ ವಾಟ್ಸನ್‌ಗೆ ಹೋಮ್ಸ್ ಸಂಬಳ ಬಾಕಿ ಇಟ್ಟುಕೊಂಡಿರಲಿಲ್ಲ. ನ್ಯಾಟಲಿಗೆ ಮನೆ ಖರ್ಚಿದೆ, ಮಗಳ ಫೀಸಿದೆ, ವೈಪ್ ಪೊಟ್ಟಣಗಳನ್ನು ಹೊರುವ ಚೀಲ ಇದೆ. ಟಿವಿಯಲ್ಲಿ ಅವಳು ಪಕ್ಕದಲ್ಲಿ ನಿಂತವಳು. ಪುಸ್ತಕದಲ್ಲಿ ಅವಳ ಗೊಣಗಾಟವೇ ಕಥೆಯ ದನಿ. ಒಪ್ಪಿಕೊಳ್ಳುತ್ತೇನೆ, ಹತ್ತೊಂಬತ್ತು ಪುಸ್ತಕ ಸಾಲಾಗಿ ಓದಿದರೆ ಗೊಣಗಾಟ ಜಾಸ್ತಿ ಆಯಿತು ಅನ್ನಿಸುತ್ತದೆ. ಮಂಕ್‌ಗೆ ಯಾಕೆ ಸಮಸಂಖ್ಯೆ ಬೇಕು, ಯಾಕೆ ತಟ್ಟೆಯಲ್ಲಿ ಒಂದು ತಿನಿಸು ಇನ್ನೊಂದಕ್ಕೆ ತಾಗಬಾರದು ಅಂತ ಪ್ರತಿ ಪುಸ್ತಕದಲ್ಲೂ ಹೇಳಿಸುತ್ತಾರೆ. ಹೊಸ ಓದುಗರಿಗೆ ಅಂತೆ. ಹಳಬರು ಸುಮ್ನೆ ಹಾಳೆ ತಿರುಗಿಸಬೇಕು. (ನಗು) ನಿಮ್ಮಲ್ಲೂ ಅದನ್ನೇ ಮಾಡಿದವರು ಇದ್ದೀರಿ ಅಂತಾಯಿತು.

2009ರ ಡಿಸೆಂಬರ್ 4ಕ್ಕೆ ಧಾರಾವಾಹಿ ಮುಗಿಯಿತು. ಟ್ರೂಡಿ ಬಿಟ್ಟುಹೋದ ಕ್ರಿಸ್‌ಮಸ್ ಉಡುಗೊರೆ ಮಂಕ್ ಹತ್ತಿರ ಹನ್ನೆರಡು ವರ್ಷದಿಂದ ಬಿಚ್ಚದೆ ಇತ್ತು. ಕೊನೆಗೂ ಬಿಚ್ಚುತ್ತಾನೆ. ಒಳಗೆ ವಿಡಿಯೋ ಟೇಪು. ಅವಳನ್ನು ಕೊಂದವನಾರು ಅನ್ನುವುದಕ್ಕೆ ದಾರಿ ಅದರಲ್ಲೇ ಇತ್ತು. ಅಷ್ಟು ವರ್ಷ ಉತ್ತರ ಮನೆಯಲ್ಲೇ ಇತ್ತು, ಇವನು ಊರೆಲ್ಲಾ ಹುಡುಕುತ್ತಿದ್ದ. ಟಿವಿಗೆ ಇದಕ್ಕಿಂತ ಒಳ್ಳೆಯ ಮುಕ್ತಾಯ ಸಿಗುವುದಿಲ್ಲ.

ಆದರೆ ಮಾರನೇ ದಿನ ಬೆಳಗ್ಗೆ ಮಂಕ್ ಏನು ಮಾಡಿದ? ಟಿವಿಗೆ ಆ ತಲೆನೋವು ಇರಲಿಲ್ಲ, ಪುಸ್ತಕಕ್ಕೆ ಇತ್ತು. ಮಾಲೀಕರು ಬೀಗ ಹಾಕಿಕೊಂಡು ಹೋದರು, ಬಾಡಿಗೆಯವರು ಒಳಗೇ ಉಳಿದರು. 'ಮಿಸ್ಟರ್ ಮಂಕ್ ಆನ್ ದಿ ರೋಡ್' ನೋಡಿ. ಮಂಕ್‌ಗೆ ಒಂಥರಾ ನೆಮ್ಮದಿ ಬಂದಿದೆ. ತಾನು ಹಗುರಾದೆ, ಅಣ್ಣ ಆಂಬ್ರೋಸ್ ಇನ್ನೂ ಮನೆಯೊಳಗೇ ಇದ್ದಾನಲ್ಲ ಅನ್ನಿಸುತ್ತದೆ. ಆಂಬ್ರೋಸ್ ಹೊಸ್ತಿಲು ದಾಟಲು ಹೆದರುವವನು. ಅಣ್ಣನ ಹುಟ್ಟುಹಬ್ಬಕ್ಕೆ ಮಂಕ್ ಕೊಡುವ ಉಡುಗೊರೆ ಏನು ಗೊತ್ತಾ? ಅವನಿಗೆ ಮತ್ತು ಬರಿಸಿ, ಮೋಟರ್‌ಹೋಮಿನಲ್ಲಿ ಮಲಗಿಸಿ, ಪ್ರವಾಸ ಹೊರಡುವುದು! ಕಾನೂನಿನ ಪ್ರಕಾರ ಅಪಹರಣ. ಪ್ರೀತಿಯಿಂದ ಮಾಡಿದ ಅಪಹರಣ. ಹೀಗೆ ಅಲ್ಲಿಂದ ಮುಂದಕ್ಕೆ ಪುಸ್ತಕಗಳಲ್ಲಿ ಮನುಷ್ಯರು ಬದಲಾಗಲು ಶುರುಮಾಡಿದರು. ಬಾಡಿಗೆಯವರು ಮೆಲ್ಲಗೆ ಒಂದೊಂದೇ ಮೊಳೆ ಹೊಡೆದರು.

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಸರಿ ಸರಿ, ಕೊನೆಯ ಪುಸ್ತಕಕ್ಕೇ ಬಂದೆ.

ಕಾನ್ರಾಡ್ ಬಂದ ಮೇಲೆ ನ್ಯಾಟಲಿಗೆ ಬಡ್ತಿ. ಅವಳು ಖಾಸಗಿ ಪತ್ತೇದಾರಳಾಗಲು ಪರೀಕ್ಷೆಗೆ ಓದುತ್ತಾಳೆ, ಲೈಸೆನ್ಸ್ ಪಡೆಯುತ್ತಾಳೆ. ಮಂಕ್ ಜೊತೆ ಸೇರಿ ಕಚೇರಿ ತೆರೆಯುತ್ತಾಳೆ. ಚೀಲ ಹೊರುತ್ತಿದ್ದವಳ ಹೆಸರು ಈಗ ಬೋರ್ಡಿನ ಮೇಲಿದೆ. ಅತ್ತ ಪೊಲೀಸ್ ಇಲಾಖೆಯಲ್ಲಿ ಲೆಫ್ಟಿನೆಂಟ್ ರ‍್ಯಾಂಡಿ ಡಿಶರ್ ಕುರ್ಚಿ ಖಾಲಿ. ಧಾರಾವಾಹಿಯ ಕೊನೆಯಲ್ಲೇ ಅವನು ನ್ಯೂಜೆರ್ಸಿಯ ಸಮಿಟ್ ಊರಿಗೆ ಪೊಲೀಸ್ ಮುಖ್ಯಸ್ಥನಾಗಿ ಹೋದ, ಹಳೆಯ ಸಹಾಯಕಿ ಶರೋನಾ ಜೊತೆ. ನಡುವೆ ಏಮಿ ಡೆವ್ಲಿನ್ ಅಲ್ಲಿ ಕೂತಿದ್ದಳು. ಈ ಪುಸ್ತಕದಲ್ಲಿ ಆ ಕುರ್ಚಿಗೆ ಬರುವವನು ಎ.ಜೆ. ಥರ್ಮನ್. ಅವನಿಗೂ ಮಂಕ್‌ಗೂ ಎಣ್ಣೆ ಸೀಗೇಕಾಯಿ. ಒಬ್ಬ ನ್ಯಾಯಾಧೀಶರು ಸಾಯುತ್ತಾರೆ. ಆಮೇಲೆ ಕ್ಯಾಪ್ಟನ್ ಸ್ಟಾಟಲ್‌ಮೈಯರ್‌ಗೇ ಯಾರೋ ವಿಷ ಹಾಕಿದ್ದಾರೆ ಅಂತ ಗೊತ್ತಾಗುತ್ತದೆ.

ಇಲ್ಲಿ ನಿಲ್ಲಿ. ಸ್ಟಾಟಲ್‌ಮೈಯರ್ ಅಂದರೆ ಯಾರು? ಇಲಾಖೆಯಿಂದ ಹೊರಬಿದ್ದ ಮಂಕ್‌ನನ್ನು ಬಯ್ಯುತ್ತಲೇ ಮತ್ತೆ ಮತ್ತೆ ಕೇಸಿಗೆ ಕರೆದ ಮನುಷ್ಯ. ಮಂಕ್‌ಗೆ ಇರುವ ಗೆಳೆಯರನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು. ಅವರಲ್ಲಿ ಹಳಬ ಇವನು. ಟ್ರೂಡಿಯನ್ನು ಉಳಿಸಿಕೊಳ್ಳಲು ಮಂಕ್‌ಗೆ ಅವಕಾಶವೇ ಇರಲಿಲ್ಲ. ಇಲ್ಲಿ ಗೆಳೆಯ ಇನ್ನೂ ಬದುಕಿದ್ದಾನೆ, ಕೊಲೆಗಾರನೂ ಹೊರಗಿದ್ದಾನೆ. ಕೇಸು ಬಿಡಿಸುವುದಕ್ಕೆ ಹೊತ್ತಿನ ಲೆಕ್ಕ ಸೇರಿಕೊಂಡಿದೆ.

ಹತ್ತೊಂಬತ್ತರಲ್ಲಿ ಇದೇ ಶ್ರೇಷ್ಠ ಅಂತ ನಾನು ಹೇಳುತ್ತಿಲ್ಲ. ಗೋಲ್ಡ್‌ಬರ್ಗ್ ನಗಿಸುವಷ್ಟು ಕಾನ್ರಾಡ್ ನಗಿಸುವುದಿಲ್ಲ. ಒಗಟು ಕಟ್ಟುವುದರಲ್ಲಿ ಕಾನ್ರಾಡ್ ಗಟ್ಟಿಗ. ನನಗೆ ಇಷ್ಟವಾದದ್ದು ಬೇರೆ. ಇಡೀ ಸರಣಿಯ ಕೊನೆಯ ಪುಸ್ತಕ, ಹೆಸರಿನಲ್ಲಿರುವುದು ಹೊಸಬ. ಕಥೆಯಲ್ಲಿ ಹೊಸ ಕಚೇರಿ. ಎಲ್ಲವನ್ನೂ ಒಟ್ಟುಮಾಡಿ ಗಂಟು ಹಾಕಬೇಕು ಅನ್ನುವ ಹಟ ಇಲ್ಲ.

ಅಗಾಥಾ ಕ್ರಿಸ್ಟಿಯನ್ನು ನೆನೆಸಿಕೊಳ್ಳಿ. ತಮ್ಮ ಪತ್ತೇದಾರ ಪೊಯ್ರೋನ ಕೊನೆಯ ಕೇಸು 'ಕರ್ಟನ್' ಅನ್ನು ಎರಡನೇ ಮಹಾಯುದ್ಧದ ಕಾಲದಲ್ಲೇ ಬರೆದು ಭದ್ರವಾಗಿ ಎತ್ತಿಟ್ಟಿದ್ದರು. 1975ರಲ್ಲಿ ಹೊರಗೆ ತಂದರು. ನ್ಯೂಯಾರ್ಕ್ ಟೈಮ್ಸ್ ಮುಖಪುಟದಲ್ಲಿ ಪೊಯ್ರೋನ ಮರಣವಾರ್ತೆ ಬಂತು! ಕಾನನ್ ಡಾಯಲ್ 1893ರಲ್ಲಿ ಹೋಮ್ಸ್‌ನನ್ನು ಜಲಪಾತಕ್ಕೆ ತಳ್ಳಿದರು, ಜನ ಬಿಡಲಿಲ್ಲ, 1903ರಲ್ಲಿ ಎಬ್ಬಿಸಿ ಕೂರಿಸಿದರು. ಕೊಲ್ಲುವುದೂ ಅವರ ಇಷ್ಟ, ಬದುಕಿಸುವುದೂ ಅವರ ಇಷ್ಟ. ಸ್ವಂತ ಮನೆ. ಕಾನ್ರಾಡ್‌ಗೆ ಮಂಕ್‌ನನ್ನು ಸಾಯಿಸುವ ಹಕ್ಕಿಲ್ಲ. ಹಾಗಾಗಿ ಮಂಕ್ ಕಾದಂಬರಿಗಳಲ್ಲಿ ಇವತ್ತಿಗೂ ಕಚೇರಿ ತೆರೆದೇ ಇದೆ. ನ್ಯಾಟಲಿ ಬಿಲ್ ಬರೆಯುತ್ತಿದ್ದಾಳೆ. ನನಗಂತೂ ಪೊಯ್ರೋನ ಶವಯಾತ್ರೆಗಿಂತ ಇದೇ ಇಷ್ಟ.

2023ರಲ್ಲಿ ಮಾಲೀಕರು ವಾಪಸ್ ಬಂದರು. ಮಂಕ್‌ನನ್ನು ಹುಟ್ಟಿಸಿದ ಆಂಡಿ ಬ್ರೆಕ್‌ಮನ್ ಅವರೇ ಬರೆದ 'ಮಿಸ್ಟರ್ ಮಂಕ್ಸ್ ಲಾಸ್ಟ್ ಕೇಸ್' ಸಿನಿಮಾ ಪೀಕಾಕ್ ಅನ್ನುವ ಸ್ಟ್ರೀಮಿಂಗ್ ತಾಣದಲ್ಲಿ ಬಂತು. ಅದರಲ್ಲಿ ನ್ಯಾಟಲಿ ಮತ್ತೆ ಮದುವೆಯಾಗಿ ಅಟ್ಲಾಂಟಾದಲ್ಲಿದ್ದಾಳೆ. ಮಂಕ್ ಒಬ್ಬನೇ, ಸಾಯುವ ಯೋಚನೆಯಲ್ಲಿದ್ದಾನೆ. ಪುಸ್ತಕದ ಕಚೇರಿ, ಬೋರ್ಡು, ಥರ್ಮನ್ ಯಾವುದೂ ಇಲ್ಲ. ಗೋಡೆಗೆ ಹೊಸ ಬಣ್ಣ, ಮೊಳೆಯ ಗುರುತೂ ಇಲ್ಲ. ಸಿನಿಮಾ ಚೆನ್ನಾಗಿದೆ, ಶಲೂಬ್ ಇನ್ನೂ ಚೆನ್ನಾಗಿದ್ದಾರೆ. ಆದರೂ ಆ ಪುಸ್ತಕಗಳ ಜೊತೆ ಬದುಕಿದವರಿಗೆ ಬೇಜಾರಾಗುವುದು ಸಹಜ. ಅಧಿಕೃತ ಯಾವುದು ಅಂತ ಕೇಳಿದರೆ ಕಾನೂನು ಸಿನಿಮಾ ಕಡೆ ಕೈ ತೋರಿಸುತ್ತದೆ. ಓದುಗರು ಆ ಮಾತು ಕೇಳಬೇಕಾಗಿಲ್ಲ.

ಚೀಟಿ ಬಂತು. ಇನ್ನೂ ಎರಡು ಸರಣಿ ಬರೆದುಕೊಂಡು ಬಂದಿದ್ದೆ. ಒಂದೊಂದು ಮಾತಲ್ಲಿ ಮುಗಿಸುತ್ತೇನೆ. ಕೊಲಂಬೋ ಅನ್ನುವ ಟಿವಿ ಪತ್ತೇದಾರ: ಅವನ ಮೇಲೆ ವಿಲಿಯಂ ಹ್ಯಾರಿಂಗ್ಟನ್ ಆರು ಕಾದಂಬರಿ ಬರೆದರು, ಕೊನೆಯದು 1998ರಲ್ಲಿ. ಆ ಪಾತ್ರ ಮಾಡಿದ ಪೀಟರ್ ಫಾಕ್ ಅದಾದ ಮೇಲೂ ಆ ಕೋಟು ಹಾಕಿಕೊಂಡು ಟಿವಿಯಲ್ಲಿ ಬಂದರು. ಅಂದರೆ ಪುಸ್ತಕ ಮೊದಲು ಮುಗಿಯಿತು, ಟಿವಿ ಆಮೇಲೆ. 'ಮರ್ಡರ್, ಶೀ ರೋಟ್' ಪೂರ್ತಿ ಉಲ್ಟಾ. ಟಿವಿಯಲ್ಲಿ 1996ಕ್ಕೇ ಮುಗಿದದ್ದು. ಪುಸ್ತಕಗಳು ನಿಲ್ಲಲಿಲ್ಲ. ಅವನ್ನು ಬರೆಯುತ್ತಿದ್ದ ಡೊನಾಲ್ಡ್ ಬೇನ್ 2017ರಲ್ಲಿ ತೀರಿಕೊಂಡರು, ಬೇರೆಯವರು ಮುಂದುವರಿಸಿದರು. ರಕ್ಷಾಪುಟದಲ್ಲಿ ಸಹಲೇಖಕಿ ಅಂತ ಜೆಸ್ಸಿಕಾ ಫ್ಲೆಚರ್ ಹೆಸರು. ಅವಳು ಆ ಕಥೆಯ ಪಾತ್ರ! ಇದರ ಬಗ್ಗೆಯೇ ಒಂದು ಗಂಟೆ ಮಾತಾಡಬಹುದು. ಅಧ್ಯಕ್ಷರ ಮುಖ ನೋಡಿದರೆ ಈ ವರ್ಷ ಆಗುವ ಹಾಗೆ ಕಾಣುವುದಿಲ್ಲ.

ಓದಬೇಕು ಅನ್ನಿಸಿದವರು ಕೊನೆಯ ಪುಸ್ತಕದಿಂದ ಶುರುಮಾಡಬೇಡಿ. ಫೈರ್‌ಹೌಸ್ ಮೊದಲು. ಆಮೇಲೆ ಶರೋನಾ, ನ್ಯಾಟಲಿ ಇಬ್ಬರೂ ಎದುರುಬದುರಾಗುವ 'ಮಿಸ್ಟರ್ ಮಂಕ್ ಅಂಡ್ ದಿ ಟೂ ಅಸಿಸ್ಟೆಂಟ್ಸ್'. ಅಲ್ಲಿಂದ ರೋಡ್. ಕಾನ್ರಾಡ್ ಅವರ ನಾಲ್ಕನ್ನು ಮಾತ್ರ ಸಾಲು ತಪ್ಪಿಸದೆ ಓದಿ, ಇಲ್ಲದಿದ್ದರೆ ಕಚೇರಿ ಎಲ್ಲಿಂದ ಬಂತು ಅಂತ ಗೊತ್ತಾಗುವುದಿಲ್ಲ. ನನ್ನ ಹತ್ತಿರ ಇರುವ ಪ್ರತಿಗಳನ್ನು ಆ ಮೇಜಿನ ಮೇಲೆ ಇಟ್ಟಿದ್ದೇನೆ. ಹೆಸರು ಬರೆದು ತೆಗೆದುಕೊಂಡು ಹೋಗಬಹುದು. ಎರಡನೇ ಸಾಲಿನ ಸಾರ್, ಮೊದಲನೆಯದು ನಿಮಗೆ.