ಮಂಜೇಶ್ವರದ ಶಾಸಕ ಕಳ್ಳಿಗೆ ಮಹಾಬಲ ಭಂಡಾರಿ

ಕೇಳುಗರೆಲ್ಲರಿಗೂ ನಮಸ್ಕಾರ.

ಕೇರಳ ವಿಧಾನಸಭೆಯ ಒಂದನೇ ನಂಬರಿನ ಕ್ಷೇತ್ರ ನಮ್ಮ ಮಂಜೇಶ್ವರ. ನಂಬರು ಒಂದಾದರೂ ರಾಜಧಾನಿಗೆ ಇದರಷ್ಟು ದೂರದ ಕ್ಷೇತ್ರ ಇನ್ನೊಂದಿಲ್ಲ. ಗಡಿಯ ತಲಪಾಡಿ ದಾಟಿದರೆ ಮಂಗಳೂರು ಬಂತು. ತಿರುವನಂತಪುರಕ್ಕೆ ಹೋಗಬೇಕಾದರೆ ಇಡೀ ಕೇರಳವನ್ನೇ ದಾಟಬೇಕು. ಆ ದಾರಿಯಲ್ಲಿ ಹೋಗಿ, ತನ್ನದೆಂಬ ದೊಡ್ಡ ಪಕ್ಷ ಬೆನ್ನಿಗಿಲ್ಲದೆ ಸಭೆಯಲ್ಲಿ ಕೂತವರು ಕಳ್ಳಿಗೆ ಮಹಾಬಲ ಭಂಡಾರಿ. ಇವತ್ತು ಅವರ ಬಗ್ಗೆ ನಾಲ್ಕು ಮಾತು.

1956ರ ನವೆಂಬರ್ 1ರಂದು, ಅದುವರೆಗೆ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಕಚೇರಿಯ ಕಾಗದ, ಕೋರ್ಟು, ಮಕ್ಕಳ ಶಾಲೆ ಎಲ್ಲವೂ ಮುಂದೆ ಯಾವ ಭಾಷೆಯಲ್ಲಿ ಎಂಬ ಚಿಂತೆ ಮನೆಮನೆಗೂ ಬಂತು. ಮೊದಲ ಚುನಾವಣೆಯಲ್ಲಿ, ಅಂದರೆ 1957ರಲ್ಲಿ, ಮಂಜೇಶ್ವರದಿಂದ ಎಂ. ಉಮೇಶ ರಾವ್ ಪಕ್ಷೇತರರಾಗಿ ಅವಿರೋಧವಾಗಿ ಗೆದ್ದರು. 1960ರಲ್ಲಿ ಜನ ಭಂಡಾರಿಯವರನ್ನು ಕಳಿಸಿದರು. ಅವರು ಕರ್ನಾಟಕ ಸಮಿತಿಯ ಮುಂದಾಳು. ಕಾಸರಗೋಡು ಮೈಸೂರು ರಾಜ್ಯಕ್ಕೆ, ಅಂದರೆ ಇವತ್ತಿನ ಕರ್ನಾಟಕಕ್ಕೆ ಸೇರಬೇಕು ಎಂಬುದು ಸಮಿತಿಯ ಬೇಡಿಕೆ.

ವಿರೋಧ ಪಕ್ಷ ಅಂದರೆ ಇವತ್ತಲ್ಲ ನಾಳೆ ಅಧಿಕಾರಕ್ಕೆ ಬರುವ ಆಸೆ ಇರುತ್ತದೆ, ಅಲ್ವಾ? ಭಂಡಾರಿಯವರಿಗೆ ಆ ದಾರಿಯೇ ಇರಲಿಲ್ಲ. ನಮ್ಮ ಊರನ್ನು ನಿಮ್ಮ ರಾಜ್ಯದಿಂದ ಬಿಟ್ಟುಕೊಡಿ ಎನ್ನುವವರನ್ನು ಯಾವ ಸರ್ಕಾರ ಮಂತ್ರಿ ಮಾಡುತ್ತದೆ? ಕಾಂಗ್ರೆಸ್ ಬಂದರೂ ಅವರು ಹೊರಗೆ, ಕಮ್ಯುನಿಸ್ಟರು ಬಂದರೂ ಹೊರಗೆ. ಇದು ಗೊತ್ತಿದ್ದೂ ನಿಂತರು. ನನಗೆ ಅವರ ಮೇಲೆ ಗೌರವ ಹುಟ್ಟಿದ್ದೇ ಇದರಿಂದ.

1967ರಲ್ಲಿ ಅವರು ಮತ್ತೆ ಗೆದ್ದರು. ಆಗ ಸಭೆಯಲ್ಲಿ 133 ಸ್ಥಾನ. ಇ.ಎಂ.ಎಸ್. ನಂಬೂದಿರಿಪಾಡರ ಏಳು ಪಕ್ಷಗಳ ಒಕ್ಕೂಟದ್ದೇ ಭಾರೀ ಬಹುಮತ. ಕಾಂಗ್ರೆಸ್ಸಿನವರು ಬರೀ 9 ಜನ. ಅಂಥ ಸಭೆಯಲ್ಲಿ ಒಬ್ಬ ಪಕ್ಷೇತರನ ಮತಕ್ಕೆ ಎಷ್ಟು ಬೆಲೆ? ಎಣಿಕೆಗೆ ಕೂತರೆ ಏನೂ ಇಲ್ಲ. ಆದರೆ ಅದೇ ವರ್ಷದ ಆಗಸ್ಟಿನಲ್ಲಿ, ರಾಜ್ಯಗಳ ಗಡಿ ತಕರಾರು ನೋಡಲು ಕೇಂದ್ರ ಸರ್ಕಾರ ನೇಮಿಸಿದ್ದ ಮಹಾಜನ್ ಆಯೋಗದ ವರದಿ ಬಂತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಲಿ ಎಂದು ಅದು ಹೇಳಿತು. ಜನರ ಮನಸ್ಸು ಏನಿದೆ ಎಂದು ಯಾರಾದರೂ ಕೇಳಿದರೆ, ಮಂಜೇಶ್ವರದವರು ತಮ್ಮ ಶಾಸಕನನ್ನೇ ತೋರಿಸಬಹುದಿತ್ತು. ಅವರ ಗೆಲುವಿನ ತೂಕ ಇದ್ದದ್ದು ಅಲ್ಲಿ ಎಂದು ನನ್ನ ಅನಿಸಿಕೆ.

ವರದಿ ಜಾರಿಯಾಗಲಿಲ್ಲ. ಕೇರಳ ಒಪ್ಪಲಿಲ್ಲ, ದೆಹಲಿ ಮುಂದೆ ಬರಲಿಲ್ಲ. 1970ರಲ್ಲಿ ಮಂಜೇಶ್ವರ ಸಿಪಿಐನ ಎಂ. ರಾಮಪ್ಪ ಅವರನ್ನು ಆರಿಸಿತು. ಇಲ್ಲಿ ಮಲಯಾಳ, ತುಳು, ಕೊಂಕಣಿ, ಬ್ಯಾರಿ ಆಡುವವರೂ ಇದ್ದಾರೆ. ಎಲ್ಲರಿಗೂ ಗಡಿಯೇ ದೊಡ್ಡ ಪ್ರಶ್ನೆ ಆಗಿರಲಿಲ್ಲ. ಅದನ್ನೂ ಹೇಳಬೇಕು.

ಆಮೇಲೆ ಹೋರಾಟದ ಒತ್ತು ಭಾಷಾ ಅಲ್ಪಸಂಖ್ಯಾತರ ಹಕ್ಕಿನ ಕಡೆ ತಿರುಗಿತು. ಕನ್ನಡ ಶಾಲೆಗೆ ಕನ್ನಡ ಬಲ್ಲ ಮೇಷ್ಟ್ರು ಬೇಕು, ಪಂಚಾಯತಿನ ನೋಟೀಸು ಕನ್ನಡದಲ್ಲೂ ಬರಬೇಕು, ಇಂಥವು. 2021ರಲ್ಲಿ ಇದೇ ಕ್ಷೇತ್ರದ ಎ.ಕೆ.ಎಂ. ಅಶ್ರಫ್, ವಿರೋಧ ಪಕ್ಷದ ಮುಸ್ಲಿಂ ಲೀಗಿನವರು, ಕನ್ನಡದಲ್ಲೇ ಪ್ರಮಾಣವಚನ ತೆಗೆದುಕೊಂಡರು.

ನನ್ನದೊಂದು ಕೋರಿಕೆ ಇದೆ. ಶಾಸಕರು ಆಡಿದ ಮಾತು ಸಭೆಯ ನಡಾವಳಿಯಲ್ಲಿ ದಾಖಲಾಗುತ್ತದೆ. ಭಂಡಾರಿಯವರ ಮಾತುಗಳನ್ನು ಅಲ್ಲಿಂದ ಹೆಕ್ಕಿ ಕನ್ನಡದಲ್ಲಿ ಒಂದು ಪುಸ್ತಕ ಮಾಡಬೇಕು. ಅವರ ಪ್ರಚಾರಕ್ಕೆ ಓಡಾಡಿದ ಹಿರಿಯರು ನಿಮ್ಮ ಮನೆಯಲ್ಲಿದ್ದರೆ, ಅವರ ನೆನಪನ್ನೂ ಬರೆದಿಡಿ. ಕಾಲೇಜಿನ ಕನ್ನಡ ವಿಭಾಗದವರು ಈ ಕೆಲಸಕ್ಕೆ ಕೈ ಹಾಕಿದರೆ ತುಂಬ ಒಳ್ಳೆಯದು.

ನಮಸ್ಕಾರ.